ಯಾರ್ಕ್ ಪಟ್ಟಣದ ಹಳೆಯ ಕಟ್ಟಡಗಳು

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಊಸ್, ಫಾಸ್ ಎಂಬ ಎರಡು ಹೊಳೆಗಳು ಕೂಡುವೆಡೆಯಲ್ಲಿ ಯಾರ್ಕ್ ಎಂಬ ಪಟ್ಟಣವಿರುವುದು. ಕ್ರಿ. ಶ. 71ರಲ್ಲಿ ರೋಮನ್ನರ ದಂಡು ಇಲ್ಲಿ ಕೋಟೆಯನ್ನು ಕಟ್ಟಿ ಎಬೊರಾಕಮ್ ಎಂದು ಹೆಸರಿಟ್ಟಿತು. 306ರಲ್ಲಿ ಕಾನ್‌ಸ್ಟಂಟೈನನನ್ನು ಅವನ ಸೈನಿಕರು ಚಕ್ರವರ್ತಿಯೆಂದು ಸಾರಿದ್ದು ಇಲ್ಲಿಯೇ. 866ರಲ್ಲಿ ಡೇನರು ಊರನ್ನು ಹಿಡಿದು ಯೋರ್ವಿಕ್ ಎಂದು ತಮ್ಮ ನಾಲಿಗೆಗೆ ಒಗ್ಗುವಂತೆ ಕರೆದರು. ಇಷ್ಟನ್ನು ಯಾವ ಚರಿತ್ರೆಯ ಪುಸ್ತಕದಿಂದಲಾದರೂ ಓದಿ ತಿಳಿಯಬಹುದು. ಆದರೆ ಪುಸ್ತಕದಲ್ಲಿ ಒಂದರ ಹಿಂದೊಂದಾಗಿ ಬರುವ ಕಾಲಗಳು ಆ ಊರಿನಲ್ಲಿ ಒಂದರ ಮೇಲೊಂದು ಕುಳಿತಿರುವುವು. ಕೆಲವು ಕಡೆಗಳಲ್ಲಿ ಒಂದೇ ಗೋಡೆಯಲ್ಲಿ ಕುಳಿತಿರುವುವು. ಹೋದ ವರುಷ ಬೇಸಗೆಯ ರಜೆಯಲ್ಲಿ ನಾವು ಅಲ್ಲಿ ಆರು ದಿವಸ ತಂಗಿದ್ದು, ವಾಹನವನ್ನು ಹತ್ತದೆ, ಕಾಲ್ನಡಿಗೆಯಿಂದಲೇ ಊರನ್ನು ನೋಡಿಬಂದೆವು.

ನಮ್ಮ ಜೊತೆಯಲ್ಲಿ ಬಂದವರು ನಮ್ಮ ಶಾಲೆಯಲ್ಲಿ ಬಹುಕಾಲ ಹೊಲಿಗೆಯನ್ನು ಕಲಿಸಿ ನಿವೃತ್ತರಾದ ಹಿರಿಯ ಉಪಾಧ್ಯಾಯಿನಿಯವರು. ಹೆಸರನ್ನು ಅಚ್ಚುಹಾಕಿಸಕೂಡದೆಂದು ಅವರು ಕಟ್ಟಪ್ಪಣೆ ಮಾಡಿರುವುದರಿಂದ ಹೇಳೆವು. ಕಾಜಾ ಹೊಲಿಯಲು ಬಾರದೆ ಅವರ ಮೇಜಿನ ಮುಂದೆ ನಿಂತು ಅತ್ತ ಪೂರ್ವ ವಿದ್ಯಾರ್ಥಿನಿಯರಿಗೆ ಅವರಾರೆಂಬುದು ತಾನಾಗಿಯೇ ತಿಳಿದೀತು. ನಾವೂ ಹಾಗೆ ಅತ್ತವರೇ.

ಕಟ್ಟಡಗಳನ್ನೇ ಅಷ್ಟು ಗಮನವಿಟ್ಟು ನೋಡಲು ನಮಗೊಂದು ಕಾರಣವೂ ಇದ್ದಿತು. ನಮ್ಮ ಶಾಲೆಯ ಹಳೆಯ ಹಾಲು, ಹೆಂಚಿನ ಮಾಡಿನದು, ಈಗ ಮಳೆಗಾಲದಲ್ಲಿ ಮೂರು ಕಡೆ ಸೋರುತ್ತಲಿರುವುದು. ಅದನ್ನು ಕೆಡವಿ ಆ ಜಾಗದಲ್ಲಿ ಮೂರಂತಸ್ತಿನ ತಾರಸಿ ಕಟ್ಟಡವನ್ನು ಎಬ್ಬಿಸಬೇಕೆಂದು ಕೆಲವರು ಪೋಷಕರೂ ಆಡಳಿತ ಮಂಡಲಿಯ ಕೆಲವು ಸದಸ್ಯರೂ ಹೇಳುತ್ತಾರೆ. ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಳ್ಳಲಾಗದು ಎಂಬುದು ಅವರ ಮಾತು. ತರಗತಿಗೆ ಅರುವತ್ತು ಮಕ್ಕಳನ್ನು ಕೂರಿಸುತ್ತಿರುವ ನಾವು ಆ ಮಾತನ್ನು ಹಗುರವಾಗಿ ತಳ್ಳಿಹಾಕಲಾರೆವು. ಈ ವಿಚಾರವು ಇನ್ನೂ ತೀರ್ಮಾನವಾಗಿಲ್ಲ. ಅದನ್ನು ತಲೆಯಲ್ಲಿ ಹೊತ್ತುಕೊಂಡೇ ನಾವು ಆ ಊರಿನಲ್ಲಿ ತಿರುಗಿದೆವು.

ಮೊದಲನೆಯ ದಿನ ನಮ್ಮ ಜೊತೆಗಾರ್ತಿಯವರಿಗೊಂದು ಗಾಬರಿಯಾಯಿತು. ಮಿಕಲ್‌ಗೇಟ್ ಬಾರಿನ ಬಳಿ ನಮಗಾಗಿ ಕಾದಿರಬೇಕೆಂದು ನಾವು ಹೇಳಿದೆವು. ಮದ್ಯದಂಗಡಿಯ ಮುಂದೆ ತಾವು ನಿಲ್ಲುವುದಿಲ್ಲವೆಂದು ಅವರು ಖಂಡಿತವಾಗಿ ಹೇಳಿಬಿಟ್ಟರು. ಯಾರ್ಕಿನಲ್ಲಿ ಬಾರ್ ಎಂದರೆ ಕೋಟೆಯ ಬಾಗಿಲು. ಗೇಟ್ ಎಂದರೆ ಬಾಗಿಲಲ್ಲ, ಬೀದಿ. ಡೇನರ ಮಾತಿನಲ್ಲಿ ಬೀದಿಗೆ ಗಾಟಾ ಎಂದು ಹೆಸರು. ಅವರ ಆಳಿಕೆ ಹೋಗಿ ಸಾವಿರ ವರುಷ ಕಳೆದರೂ ಅವರ ಬೀದಿಯ ಹೆಸರುಗಳು ಹೋಗಲಿಲ್ಲ.

ಪಟ್ಟಣವನ್ನು ಸುತ್ತಿಕೊಂಡು ಎರಡು ಮೈಲಿಗೆ ಮೀರಿ ಕೋಟೆಯ ಗೋಡೆಯು ಉಳಿದಿರುವುದು. ಇಂಗ್ಲೆಂಡಿನ ಬೇರಾವ ಊರಿನಲ್ಲಿಯೂ ಇಷ್ಟು ಉದ್ದದ ಮಧ್ಯಯುಗದ ಗೋಡೆಯು ಉಳಿದಿಲ್ಲ. ಅದರ ಮೇಲೆ ನಡೆದುಹೋಗಬಹುದು. ಪಶ್ಚಿಮದ ಕಡೆ ತೋಟವೊಂದರಲ್ಲಿ ಹಲವು ಕೋನಗಳ ಬುರುಜೊಂದು ನಿಂತಿದೆ. ಅದರ ಕೆಳಭಾಗವು ರೋಮನ್ನರು ಕಟ್ಟಿದುದು: ಚಿಕ್ಕ ಚಿಕ್ಕ ಕಲ್ಲುಗಳು, ನಡುವೆ ಕೆಂಪು ಇಟ್ಟಿಗೆಯ ಪಟ್ಟಿ. ಮೇಲ್ಭಾಗವು ಸಾವಿರ ವರುಷಗಳ ತರುವಾಯ ಬೇರೆಯವರು ದೊಡ್ಡ ಕಲ್ಲುಗಳಿಂದ ಏರಿಸಿದುದು. ಎರಡನ್ನೂ ಬೆರಳಿಟ್ಟು ತೋರಿಸಬಹುದು. ನಮ್ಮ ಜೊತೆಗಾರ್ತಿಯವರು ಕನ್ನಡಕವನ್ನು ಸರಿಮಾಡಿಕೊಂಡು, "ಇದು ತೇಪೆ ನೋಡಮ್ಮಾ. ಆದರೆ ಒಳ್ಳೆಯ ತೇಪೆ. ಬಣ್ಣ ಹೊಂದದಿದ್ದರೂ ಹೊಲಿಗೆ ಗಟ್ಟಿಯಾಗಿದೆ" ಎಂದರು. ಅಂದಿನಿಂದ ಅವರು ಪ್ರತಿಯೊಂದು ಕಟ್ಟಡವನ್ನೂ ತೇಪೆ, ರಫು ಎಂಬ ಎರಡು ಜಾತಿಗಳಾಗಿ ವಿಂಗಡಿಸತೊಡಗಿದರು.

ಈ ಗೋಡೆಯು ತನ್ನ ಬಲದಿಂದಲೇ ಉಳಿದುಬಂದಿತೆಂದು ನೋಡುವವರಿಗೆ ತೋರುವುದು; ಅದು ನಿಜವಲ್ಲ. 1800ರಲ್ಲಿ ಆ ಊರಿನ ನಗರಸಭೆಯವರೇ ಅದನ್ನು ಕೆಡವಿಹಾಕಲು ಹೊರಟಿದ್ದರು. ದುರಸ್ತಿಯ ವೆಚ್ಚ ಹೆಚ್ಚು, ಬಾಗಿಲುಗಳು ಇಕ್ಕಟ್ಟು ಎಂಬುದು ಅವರ ವಾದ. ಅವರನ್ನು ಮೂರ್ಖರೆನ್ನಲಾಗದು, ಬಂಡಿ ಹೋಗದ ಬಾಗಿಲಿನಿಂದ ಊರಿನ ಜನರಿಗೆ ತೊಂದರೆ ಇದ್ದೇ ಇದ್ದಿತು. ಹಲವು ವರುಷಗಳ ಜಗಳ ನಡೆಯಿತು. ಗೋಡೆಯ ಕೆಲವು ಭಾಗಗಳು ಬಿದ್ದವು. ನಾಲ್ಕು ಹೆಬ್ಬಾಗಿಲುಗಳ ಪೈಕಿ ಮೂರರ ಮುಂಗೋಟೆಗಳನ್ನು ಕಿತ್ತರು. ವಾಮ್‌ಗೇಟ್ ಬಾರ್ ಎಂಬ ಒಂದರಲ್ಲಿ ಮಾತ್ರ ಅದು ಉಳಿಯಿತು. ರೈಲು ಒಳಗೆ ಬರಬೇಕಾದಾಗ ಗೋಡೆಯನ್ನು ಕೊರೆದು ಕಮಾನು ಮಾಡಿದರು. ಗೋಡೆಯ ಪರವಾಗಿ ಕೂಗಿದವರಲ್ಲಿ ಆ ಊರಿನಲ್ಲೇ ಹುಟ್ಟಿದ ವಿಲಿಯಮ್ ಎಟ್ಟಿ ಎಂಬ ಚಿತ್ರಕಾರನೂ ಒಬ್ಬನು. ಚಿತ್ರಶಾಲೆಯ ಮುಂದೆ ಅವನ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ಕೆಡವಬೇಕೆಂದವರಿಗೆ ಯಾರೂ ಪ್ರತಿಮೆಯನ್ನು ನಿಲ್ಲಿಸಿದಂತೆ ಕಾಣಲಿಲ್ಲ.

ಗುಡ್‌ರಮ್‌ಗೇಟ್ ಎಂಬ ಬೀದಿಯಲ್ಲಿ ಲೇಡಿ ರೋ ಎಂಬ ಒಂದು ಸಾಲುಮನೆಯಿದೆ. 1316ರಲ್ಲಿ ಪಕ್ಕದ ದೇವಾಲಯದ ಸ್ಮಶಾನದ ಅಂಚಿನಲ್ಲಿ, ಬಾಡಿಗೆಯ ಹಣದಿಂದ ಪೂಜೆಯು ನಡೆಯಲೆಂದು ಕಟ್ಟಿಸಿದ ಮನೆಗಳಿವು. ಕೆಳಗೊಂದು ಕೋಣೆ, ಮೇಲೊಂದು ಕೋಣೆ. ಮೇಲಿನದು ಬೀದಿಯ ಕಡೆಗೆ ಒಂದಿಷ್ಟು ಚಾಚಿಕೊಂಡಿರುವುದು. ಅರಮನೆಗಳು ಉಳಿಯುವುದು ಆಶ್ಚರ್ಯವಲ್ಲ. ಏಳು ನೂರು ವರುಷಗಳ ಹಿಂದಿನ ಬಡವರ ಬಾಡಿಗೆ ಮನೆಯು, ಮರದ ಚೌಕಟ್ಟೂ ಮಣ್ಣಿನ ಗಾರೆಯೂ ಆಗಿ, ಇನ್ನೂ ಅಂಗಡಿಗಳನ್ನು ಇಟ್ಟುಕೊಂಡು ನಿಂತಿರುವುದನ್ನು ಕಂಡು ನಾವು ಅರ್ಧ ಗಂಟೆಯ ಕಾಲ ಎದುರು ಪಾದಚಾರಿ ದಾರಿಯನ್ನು ಬಿಟ್ಟು ಕದಲಲಿಲ್ಲ. ಜನರು ನಮ್ಮನ್ನು ಸುತ್ತಿಕೊಂಡು ಹೋದರು.

ಪ್ರವಾಸಿಗಳೆಲ್ಲರೂ ಮುಗಿಬೀಳುವ ಬೀದಿಯು ಶ್ಯಾಂಬಲ್ಸ್. ಅದು ಕಟುಕರ ಬೀದಿಯಾಗಿದ್ದಿತು. ಎರಡು ಕಡೆಯ ಮನೆಗಳು ಮೇಲೆಮೇಲೆ ಹೋದಂತೆ ಮುಂದಕ್ಕೆ ಬಾಗಿರುವುದರಿಂದ ಬೀದಿಗೆ ಬಿಸಿಲು ಬೀಳದು. ಮಾಂಸವು ಕೆಡದಿರಲು ಅದು ಅನುಕೂಲ. ಕಿಟಕಿಗಳ ಕೆಳಗಿನ ಅಗಲವಾದ ಹಲಗೆಗಳು ಮಾಂಸವನ್ನಿಡುವುದಕ್ಕೆ. ಎರಡೂ ಬದಿಯ ಜಗಲಿಗಳ ನಡುವಿನ ತಗ್ಗು ರಕ್ತವನ್ನು ತೊಳೆದು ಹರಿಯಬಿಡುವುದಕ್ಕೆ. ಈಗ ಅಲ್ಲಿ ಒಬ್ಬ ಕಟುಕನೂ ಇಲ್ಲ. ಮಂತ್ರವಾದಿಗಳ ಟೋಪಿ, ಮಂತ್ರದಂಡ, ಮಿಠಾಯಿ ಮಾರುವ ಅಂಗಡಿಗಳು ತುಂಬಿರುವುವು. ನಮಗೆ ಅದು ಅಷ್ಟಾಗಿ ರುಚಿಸಲಿಲ್ಲ.

ಆ ಬೀದಿಯಲ್ಲಿ ನಾವು ಹುಡುಕಿಕೊಂಡು ಹೋದದ್ದು ಮಾರ್ಗರೆಟ್ ಕ್ಲಿಥರೋ ಎಂಬ ಕಟುಕನ ಹೆಂಡತಿಯ ಮನೆಯನ್ನು. ಒಂದನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ರೋಮನ್ ಕಥೋಲಿಕ ಗುರುಗಳಿಗೆ ಆಶ್ರಯ ಕೊಡುವುದು ಮರಣದಂಡನೆಗೆ ತಕ್ಕ ಅಪರಾಧವಾಗಿದ್ದಿತು. ಆಕೆ ಆಶ್ರಯವನ್ನು ಕೊಟ್ಟಳು. ನ್ಯಾಯಸ್ಥಾನದಲ್ಲಿ ವಿಚಾರಣೆಗೆ ಒಪ್ಪಿದರೆ ತನ್ನ ಮಕ್ಕಳೇ ತನಗೆ ವಿರೋಧವಾಗಿ ಸಾಕ್ಷಿ ನುಡಿಯಬೇಕಾದೀತೆಂದು ಆಕೆ ಬಾಯಿಬಿಡಲಿಲ್ಲ. ಹಾಗೆ ಬಾಯಿಬಿಡದವರಿಗೆ ವಿಧಿಸಿದ್ದ ಶಿಕ್ಷೆಯಂತೆ 1586ನೆಯ ಇಸವಿ ಮಾರ್ಚಿ 25ರಲ್ಲಿ ಆಕೆಯ ಮೇಲೆ ಭಾರವನ್ನು ಹೇರಿ ಕೊಂದರು. ನಾವು ಆ ಸಭೆಗೆ ಸೇರಿದವರಲ್ಲ. ಆದರೂ ಆಕೆಯ ನೆನಪಿಗೆಂದು ಇಟ್ಟಿರುವ ಆ ಚಿಕ್ಕ ಕೋಣೆಯಲ್ಲಿ ಮಾತಾಡದೆ ಕುಳಿತೆವು. ಆಕೆಯು ನಿಜವಾಗಿ ವಾಸವಾಗಿದ್ದ ಮನೆಯು ಎದುರು ಸಾಲಿನಲ್ಲಿದ್ದಿತೆಂದು ಪಂಡಿತರು ಹೇಳುವರು. ಆದುದರಿಂದ ಹೊರಗೆ ಬಂದು ಎದುರು ಸಾಲಿನ ಮುಂದೆಯೂ ಸ್ವಲ್ಪ ಹೊತ್ತು ನಿಂತೆವು.

ವರ್ತಕರ ಸಂಘದ ಮಂದಿರವೊಂದಿದೆ. 1357ರಲ್ಲಿ ಗಂಡಸರೂ ಹೆಂಗಸರೂ ಕೂಡಿಕೊಂಡ ಒಂದು ಧರ್ಮಸಂಘವು ಕಟ್ಟಿಸಿದುದು. ಮೇಲೆ ವ್ಯವಹಾರ, ಕೆಳಗೆ ದಿಕ್ಕಿಲ್ಲದ ಮುದುಕರಿಗೆ ಆಶ್ರಯ. ಆ ಆಶ್ರಯಸ್ಥಾನವು 1900ರ ವರೆಗೂ ನಡೆಯಿತು. ಖಜಾಂಚಿಯ ಮನೆ ಎಂಬುದನ್ನು ಫ್ರಾಂಕ್ ಗ್ರೀನ್ ಎಂಬ ಶ್ರೀಮಂತರು 1930ರಲ್ಲಿ ರಾಷ್ಟ್ರೀಯ ನ್ಯಾಸಕ್ಕೆ ಒಪ್ಪಿಸಿದರು. ಕುರ್ಚಿ ಮೇಜುಗಳು ಅಲುಗದಂತೆ ಅವುಗಳ ಸ್ಥಾನವನ್ನು ಗುರುತಿಸಲು ನೆಲದಲ್ಲಿ ಮೊಳೆಗಳನ್ನು ಬಡಿಸಿದ್ದರಂತೆ. ಬೆಂಚುಗಳ ಸ್ಥಾನಕ್ಕೆ ಸೀಮೆಸುಣ್ಣದ ಗುರುತು ಹಾಕಿ ಹಾಕಿ ಸಾಕಾದ ನಮಗೆ ಆ ಮಹನೀಯರ ಮೇಲೆ ಬಹಳ ಗೌರವವುಂಟಾಯಿತು.

ಇನ್ನು ಮಿನ್‌ಸ್ಟರ್ ಎಂಬ ಮಹಾದೇವಾಲಯವನ್ನು ಕುರಿತು ಹೇಳಬೇಕು. ಈಗಿನ ಕಟ್ಟಡವನ್ನು ಸುಮಾರು 1220ರಲ್ಲಿ ಆರಂಭಿಸಿ 1472ರಲ್ಲಿ ಮುಗಿಸಿ ಪ್ರತಿಷ್ಠೆ ಮಾಡಿದರು. ಎರಡು ನೂರ ಐವತ್ತು ವರುಷಗಳು! ಅಡಿಪಾಯವನ್ನು ತೋಡಿದವನ ಮೊಮ್ಮಗನ ಮೊಮ್ಮಗನೂ ಅದು ಮುಗಿದುದನ್ನು ನೋಡಿರಲಾರನು. ಪೂರ್ವದ ಗೋಡೆಯನ್ನು ತುಂಬಿರುವ ಮಹಾಗವಾಕ್ಷಿಯನ್ನು ಕೋವೆಂಟ್ರಿ ಊರಿನ ಜಾನ್ ಥಾರ್ನ್‌ಟನ್ ಎಂಬ ಗಾಜಿನ ಕೆಲಸಗಾರನು 1405ರಿಂದ 1408ರ ವರೆಗೆ ಮೂರು ವರುಷಗಳಲ್ಲಿ ಮಾಡಿ ಕೊಟ್ಟನು. ಅವನಿಗೆ ಸಂದ ಕೂಲಿಯು 46 ಪೌಂಡು. ಕಾಲಕ್ಕೆ ಸರಿಯಾಗಿ ಮುಗಿಸಿದ್ದಕ್ಕೆ ಇನಾಮು 10 ಪೌಂಡು. ಮೇಲಿನ ಭಾಗದಲ್ಲಿ ಸತ್ಯವೇದದ ಆದಿಕಾಂಡದ ಸೃಷ್ಟಿಯ ಕಥೆ; ಅದರ ಕೆಳಗೆ ಪ್ರಕಟನೆಯ ಅಂತ್ಯಕಾಲದ ದರ್ಶನಗಳು. 2008ರಿಂದ 2018ರ ವರೆಗೆ ಅದನ್ನು ಚೂರು ಚೂರಾಗಿ ಬಿಚ್ಚಿ, ತೊಳೆದು, ಮತ್ತೆ ಕೂರಿಸಿದರು. ಮಾಡುವುದಕ್ಕೆ ಮೂರು ವರುಷ, ನೇರ್ಪಡಿಸುವುದಕ್ಕೆ ಹತ್ತು ವರುಷ ಎಂಬುದನ್ನು ಕೇಳಿ ನಮ್ಮ ಜೊತೆಗಾರ್ತಿಯವರಿಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ. ಹೊಸ ಲಂಗವನ್ನು ಒಂದು ದಿನದಲ್ಲಿ ಹೊಲಿಯಬಹುದು, ಹಳೆಯ ರೇಷ್ಮೆ ಸೀರೆಯನ್ನು ರಫು ಮಾಡಲು ವಾರವಾದರೂ ಬೇಕು ಎಂದರು.

ಈ ದೇವಾಲಯಕ್ಕೆ ಬಂದ ಕಷ್ಟಗಳು ಒಂದೆರಡಲ್ಲ. 1829ರಲ್ಲಿ ಜೊನಾಥನ್ ಮಾರ್ಟಿನ್ ಎಂಬ ಬುದ್ಧಿಭ್ರಮಣೆಯಾದ ಮನುಷ್ಯನು ಒಳಗೆ ಅಡಗಿ ಕುಳಿತು ಬೆಂಕಿಯಿಟ್ಟನು, ಗಾಯನಸ್ಥಳವು ಸುಟ್ಟಿತು. 1840ರಲ್ಲಿ ಮತ್ತೆ ಬೆಂಕಿ. 1967ರಲ್ಲಿ ನಡುಗೋಪುರವೇ ಕುಸಿಯುವ ಅಪಾಯ ತಿಳಿದುಬಂದು, ಐದು ವರುಷ ಅಡಿಯನ್ನು ಅಗೆದು ಕಾಂಕ್ರೀಟು, ಉಕ್ಕಿನಿಂದ ಬಿಗಿದರು. ಅಗೆಯುತ್ತಿರುವಾಗ ರೋಮನ್ ಕೋಟೆಯ ಗೋಡೆಗಳು ಸಿಕ್ಕಿದವು. ಮೆಟ್ಟಲಿಳಿದು ಹೋದರೆ ಈಗಲೂ ಕಾಣಬಹುದು. 1984ನೆಯ ಇಸವಿ ಜುಲೈ 9ರ ರಾತ್ರಿ ದಕ್ಷಿಣ ಭಾಗದ ಮಾಡು ಹೊತ್ತಿ ಉರಿದು ಕೆಳಗೆ ಬಿದ್ದಿತು. ಸಿಡಿಲೇ ಕಾರಣವಿರಬೇಕೆಂದು ಹೇಳಿದರು. ಅಲ್ಲಿಯ ಗುಲಾಬಿಯಾಕಾರದ ಗವಾಕ್ಷಿಯ ಗಾಜು ಬೆಂಕಿಯ ಕಾವಿಗೆ ಸಾವಿರಾರು ಬಿರುಕುಗಳಾಗಿ ಒಡೆದರೂ ಉದುರಲಿಲ್ಲ. ಹಲವು ವರುಷಗಳ ಮುಂಚೆಯೇ ಯಾರೋ ಅದಕ್ಕೆ ಹೊಸ ಸೀಸದ ಪಟ್ಟಿಗಳನ್ನು ಹಾಕಿದ್ದರು. ಆ ಪಟ್ಟಿಗಳು ಹಿಡಿದುಕೊಂಡವು.

ಸುಟ್ಟ ಮಾಡನ್ನು ಓಕ್ ಮರದಿಂದ ಪುನಃ ಕಟ್ಟಿ 1988ರ ಹೊತ್ತಿಗೆ ಮುಗಿಸಿದರು. ಮಾಡಿನ ಕಮಾನುಗಳು ಕೂಡುವಲ್ಲಿ ಕೆತ್ತನೆಯ ಮರದ ಗುಂಡುಗಳಿರುತ್ತವೆ. ಅವುಗಳಲ್ಲಿ ಆರನ್ನು ಮಕ್ಕಳ ದೂರದರ್ಶನ ಕಾರ್ಯಕ್ರಮವೊಂದು ನಡೆಸಿದ ಪಂದ್ಯದಲ್ಲಿ ಗೆದ್ದ ಮಕ್ಕಳ ಚಿತ್ರಗಳಂತೆ ಕೆತ್ತಿದರು. ಚಂದ್ರನ ಮೇಲೆ ಮನುಷ್ಯನು ಕಾಲಿಟ್ಟದ್ದು ಒಂದರಲ್ಲಿದೆ. 1982ರಲ್ಲಿ ಸಮುದ್ರದ ತಳದಿಂದ ಮೇರಿ ರೋಸ್ ಎಂಬ ಹಳೆಯ ಹಡಗನ್ನು ಎತ್ತಿದ್ದು ಮತ್ತೊಂದರಲ್ಲಿದೆ. ಹದಿಮೂರನೆಯ ಶತಮಾನದ ಗೋಡೆಯ ಮೇಲೆ ಶಾಲಾಮಕ್ಕಳ ಚಂದ್ರಯಾನ! ಕತ್ತೆತ್ತಿ ನೋಡಿ ನೋಡಿ ನಮ್ಮ ಕುತ್ತಿಗೆ ನೊಂದಿತು.

ಆದರೆ ನಮ್ಮ ಮನಸ್ಸಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ನಿಂತಿರುವುದು ಉತ್ತರದ ಗೋಡೆಯ ಐವರು ಸೋದರಿಯರು ಎಂಬ ಗವಾಕ್ಷಿ. ಐವತ್ತು ಅಡಿಗೂ ಮೀರಿದ ಎತ್ತರದ ಐದು ಕಿರಿದಾದ ಕಿಟಕಿಗಳು ಒಂದರ ಪಕ್ಕದಲ್ಲೊಂದು ನಿಂತಿವೆ. ಹದಿಮೂರನೆಯ ಶತಮಾನದ ಗಾಜು. ಚಿತ್ರಗಳಿಲ್ಲ, ಸಂತರಿಲ್ಲ, ಅರಸರಿಲ್ಲ. ಬೂದುಹಸಿರು ಬಣ್ಣದ ಲಕ್ಷಕ್ಕೆ ಮೇಲ್ಪಟ್ಟ ಚೂರುಗಳು ರಂಗವಲ್ಲಿಯಂತೆ ಕೂಡಿಕೊಂಡಿರುವುವು. ಬೆಳಕು ಒಳಗೆ ಬರುವಾಗ ಮಳೆಗಾಲದ ಬೆಳಗಿನಂತೆ ಇರುವುದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬಾಂಬಿನ ಭಯದಿಂದ ಈ ಗಾಜನ್ನು ಇಳಿಸಿ ಇಟ್ಟಿದ್ದರು. ಮತ್ತೆ ಕೂರಿಸಲು ಹಣವಿರಲಿಲ್ಲ. ಹೆಲೆನ್ ಲಿಟ್ಲ್ ಎಂಬ ಮಹಿಳೆಯು, ಯುದ್ಧದ ಸೇವೆಯಲ್ಲಿ ಸತ್ತ ಗಂಡಸರಿಗೆ ಊರೂರಲ್ಲಿಯೂ ಸ್ಮಾರಕಗಳಿವೆ, ಸತ್ತ ಹೆಂಗಸರಿಗೆ ಎಲ್ಲಿ ಎಂಬ ಯೋಚನೆಯಿಂದ ಮುಂದೆ ಬಂದು ಹೆಂಗಸರಿಂದ ಹಣವನ್ನು ಕೂಡಿಸಿದಳು. ಕೆಲವೇ ವಾರಗಳಲ್ಲಿ 3,000 ಪೌಂಡಿಗೂ ಹೆಚ್ಚು ಸೇರಿತು. 1925ರಲ್ಲಿ ಗವಾಕ್ಷಿಯು ಸ್ತ್ರೀಯರ ಸ್ಮಾರಕವಾಗಿ ಅನಾವರಣಗೊಂಡಿತು. ಸಮೀಪದಲ್ಲಿಯೇ ಓಕ್ ಮರದ ಫಲಕಗಳ ಮೇಲೆ ಸಾವಿರಕ್ಕೂ ಹೆಚ್ಚು ಹೆಂಗಸರ ಹೆಸರುಗಳಿವೆ. ದಾದಿಯರ ಹೆಸರುಗಳು ಬಹಳ. ನಾವು ಮೊದಲನೆಯ ಫಲಕವನ್ನು ಪೂರ್ತಿಯಾಗಿ ಓದಿದೆವು. ಹಾಜರಿ ಪಟ್ಟಿಯನ್ನು ಓದುವ ಅಭ್ಯಾಸವಿದ್ದವರಿಗೆ ನಡುವೆ ನಿಲ್ಲಿಸಲು ಆಗುವುದಿಲ್ಲ.

ಎರಡನೆಯ ಯುದ್ಧವು ಯಾರ್ಕನ್ನು ಬಿಡಲಿಲ್ಲ. 1942ನೆಯ ಇಸವಿ ಎಪ್ರಿಲ್ 29ರ ಬೆಳಗಿನ ಜಾವದಲ್ಲಿ ಜರ್ಮನರ ವಿಮಾನಗಳು ಬಂದು ಬಾಂಬುಗಳನ್ನು ಸುರಿದವು. ಹದಿನೈದನೆಯ ಶತಮಾನದ ಗಿಲ್ಡ್‌ಹಾಲ್ ಸುಟ್ಟುಹೋಯಿತು. ಅದನ್ನು ಮೊದಲಿನಂತೆಯೇ ಕಟ್ಟಿ 1960ರಲ್ಲಿ ತೆರೆದರು. ಕೋನಿ ಬೀದಿಯ ಸಂತ ಮಾರ್ಟಿನನ ದೇವಾಲಯವೂ ಸುಟ್ಟಿತು. ಇದನ್ನು ಮೊದಲಿನಂತೆ ಕಟ್ಟಲಿಲ್ಲ. ಉಳಿದ ಒಂದು ಪಾರ್ಶ್ವವನ್ನೂ ಗೋಪುರವನ್ನೂ ಸರಿಪಡಿಸಿ, ಮಿಕ್ಕ ಜಾಗವನ್ನು ಆಕಾಶಕ್ಕೆ ತೆರೆದಂತೆಯೇ ಅಂಗಳವಾಗಿ ಬಿಟ್ಟು, 1968ರಲ್ಲಿ ಪ್ರತಿಷ್ಠೆ ಮಾಡಿದರು. 1940ರಲ್ಲಿಯೇ ಯಾರೋ ದೂರದೃಷ್ಟಿಯಿಂದ ಬಿಚ್ಚಿಟ್ಟಿದ್ದ ದೊಡ್ಡ ಗವಾಕ್ಷಿಯು ಈಗ ಒಳಗೆ ಹೊಸ ಗೋಡೆಯಲ್ಲಿದೆ. ಎರಡು ಕಟ್ಟಡಗಳನ್ನೂ ನೋಡಿದ ಮೇಲೆ ನಮಗೆ ಎರಡನೆಯದೇ ಹೆಚ್ಚು ಹಿಡಿಸಿತು. ಏನು ಹೋಯಿತೆಂಬುದನ್ನು ಅದು ಮುಚ್ಚಿಡುವುದಿಲ್ಲ.

ಮುಚ್ಚಿಡಬಾರದ ಮತ್ತೊಂದು ಸ್ಥಳವು ಕ್ಲಿಫರ್ಡನ ಬುರುಜು. ಹಸುರು ದಿಬ್ಬದ ಮೇಲೆ ಅಂದವಾಗಿ ನಿಂತಿರುವ ಈ ಕಲ್ಲಿನ ಬುರುಜು ಹದಿಮೂರನೆಯ ಶತಮಾನದ್ದು; ಅದಕ್ಕಿಂತ ಮುಂಚೆ ಅಲ್ಲಿ ಮರದ ಬುರುಜಿದ್ದಿತು. 1190ನೆಯ ಇಸವಿ ಮಾರ್ಚಿ 16ರಲ್ಲಿ ಊರಿನ ಜನರ ಗುಂಪಿಗೆ ಹೆದರಿ ಸುಮಾರು 150 ಮಂದಿ ಯೆಹೂದ್ಯರು, ಹೆಂಗಸರು ಮಕ್ಕಳು ಸಹಿತವಾಗಿ, ಅದರಲ್ಲಿ ಆಶ್ರಯ ಪಡೆದಿದ್ದರು. ಹೆಚ್ಚಿನವರು ಗುಂಪಿನ ಕೈಗೆ ಸಿಕ್ಕುವುದಕ್ಕಿಂತ ತಮ್ಮವರ ಕೈಯಿಂದಲೇ ಸಾಯುವುದು ಲೇಸೆಂದು ಸತ್ತರು; ಬುರುಜಿಗೆ ಬೆಂಕಿ ಬಿದ್ದಿತು; ಪ್ರಾಣಭಿಕ್ಷೆಯ ಮಾತನ್ನು ನಂಬಿ ಹೊರಗೆ ಬಂದವರನ್ನು ಕೊಂದರು. ಬಳಿಕ ಆ ಗುಂಪು ಮಿನ್‌ಸ್ಟರಿಗೆ ಹೋಗಿ, ಅಲ್ಲಿ ಇಟ್ಟಿದ್ದ ಸಾಲಪತ್ರಗಳನ್ನು ದೇವಾಲಯದೊಳಗೆ ಸುಟ್ಟುಹಾಕಿತು. ಕೊಂದವರು ಕ್ರೈಸ್ತರೆಂದು ಹೆಸರು ಹೇಳಿಕೊಂಡವರು. ಕೆಳಗೆ ಇರುವ ಸ್ಮರಣೆಯ ಫಲಕವನ್ನು ಇಟ್ಟದ್ದು 1978ರಲ್ಲಿ. ಎಂಟು ಶತಮಾನಗಳಿಗೆ ಸ್ವಲ್ಪ ಕಡಿಮೆ. ನಾವು ಹತ್ತನೆಯ ತರಗತಿಗೆ ಈ ಸಂಗತಿಯನ್ನು ಹೇಳಿದಾಗ ಒಬ್ಬ ಹುಡುಗಿಯು, ಅಂಥ ಬುರುಜನ್ನು ಉಳಿಸಿಕೊಂಡಿರುವುದೇಕೆ ಎಂದು ಕೇಳಿದಳು. ಅದು ಇಲ್ಲದಿದ್ದರೆ ನೀನು ಈ ಪ್ರಶ್ನೆಯನ್ನು ಕೇಳುತ್ತಿರಲಿಲ್ಲವಲ್ಲ ಎಂದೆವು. ಅವಳಿಗೆ ಸಮಾಧಾನವಾಗಲಿಲ್ಲ.

ಕಡೆಯ ದಿವಸ ಮಿಕಲ್‌ಗೇಟ್ ಬಾರಿನ ಹೊರಗಿರುವ ಬಾರ್ ಕಾನ್ವೆಂಟಿಗೆ ಹೋದೆವು. ಈ ಸಲ ನಮ್ಮ ಜೊತೆಗಾರ್ತಿಯವರು ಬಾರಿನ ಮುಂದೆ ನಿಲ್ಲಲು ಹಿಂಜರಿಯಲಿಲ್ಲ. ಯಾರ್ಕ್‌ಶೈರಿನ ಮೇರಿ ವಾರ್ಡ್ (1585-1645) ಎಂಬಾಕೆಯು ಸನ್ಯಾಸಿನಿಯರು ಗೋಡೆಯ ಒಳಗಿರದೆ ಹೊರಗೆ ಬಂದು ಹೆಣ್ಣುಮಕ್ಕಳಿಗೆ ವಿದ್ಯೆ ಕಲಿಸಬೇಕೆಂದು 1609ರಲ್ಲಿ ಒಂದು ಸಂಘವನ್ನು ಸ್ಥಾಪಿಸಿದಳು. ಅದು ಅತಿರೇಕವೆಂದು 1631ರಲ್ಲಿ ಪೋಪರು ಸಂಘವನ್ನು ಮುಚ್ಚಿಸಿದರು. ಆಕೆಯನ್ನು ಸ್ವಲ್ಪಕಾಲ ಸೆರೆಯಲ್ಲಿಯೂ ಇಟ್ಟರು. ಆಕೆಯ ಅನುಯಾಯಿಗಳಲ್ಲಿ ಒಬ್ಬಳಾದ ಫ್ರಾನ್ಸಿಸ್ ಬೆಡಿಂಗ್‌ಫೀಲ್ಡ್ 1686ರಲ್ಲಿ ಈ ಜಾಗದಲ್ಲಿ ಹುಡುಗಿಯರ ಶಾಲೆಯನ್ನು ತೆರೆದಳು. ಕನ್ಯಾಮಠವು ಕಾನೂನಿಗೆ ವಿರೋಧವಾಗಿದ್ದುದರಿಂದ ಸನ್ಯಾಸಿನಿಯರು ಸಾಮಾನ್ಯ ಉಡುಪನ್ನು ಧರಿಸಿ, ಶಾಲೆ ನಡೆಸುವ ಮಹಿಳೆಯರಂತೆ ಮಾತ್ರ ಕಾಣಿಸಿಕೊಂಡರು. 1769ರಲ್ಲಿ ಮುಗಿದ ಪ್ರಾರ್ಥನಾಲಯಕ್ಕೆ ಸುಂದರವಾದ ಗುಮ್ಮಟವಿದೆ. ಬೀದಿಯಿಂದ ನೋಡಿದರೆ ಅದು ಕಾಣದು. ಅದರ ಮೇಲೆ ಸಾಧಾರಣ ಮನೆಯ ಇಳಿಜಾರು ಮಾಡನ್ನು ಹೊದಿಸಿದ್ದಾರೆ. ಅಪಾಯ ಬಂದರೆ ತಪ್ಪಿಸಿಕೊಳ್ಳಲು ಎಂಟು ಬಾಗಿಲುಗಳು. 1942ರ ಬಾಂಬಿನ ರಾತ್ರಿ ಇಲ್ಲಿ ಐವರು ಸನ್ಯಾಸಿನಿಯರು ತೀರಿಕೊಂಡರು.

ಡಬ್ಲಿನ್ನಿನ ತೆರೇಸಾ ಬಾಲ್ ಎಂಬ ಹುಡುಗಿಯು ಈ ಶಾಲೆಯಲ್ಲಿ ಓದಿ, ಇಲ್ಲಿಯೇ ದೀಕ್ಷೆ ಪಡೆದು, ಐರ್ಲೆಂಡಿಗೆ ಹಿಂತಿರುಗಿ ಲೊರೆಟೊ ಸೋದರಿಯರ ಸಂಘವನ್ನು ಕಟ್ಟಿದಳು. ಆಕೆ ಕಳುಹಿಸಿದ ಸೋದರಿಯರು 1841ರಲ್ಲಿ ಹಡಗು ಹತ್ತಿ ಕಲಕತ್ತೆಗೆ ಬಂದು ಶಾಲೆಯನ್ನು ತೆರೆದರು. ಅವರು ಯಾರ್ಕಿನ ಒಂದು ಕಲ್ಲನ್ನೂ ತರಲಿಲ್ಲ. ಇತ್ತ ಯಾರ್ಕಿನಲ್ಲಿ, ಸುಮಾರು ಮುನ್ನೂರು ವರುಷ ಆ ಮನೆಯಲ್ಲಿ ನಡೆದ ಶಾಲೆಯು 1985ರಲ್ಲಿ ಬೇರೆ ಶಾಲೆಯೊಂದರಲ್ಲಿ ಸೇರಿಹೋಯಿತು. ಹಳೆಯ ಮನೆಯಲ್ಲಿ ಈಗ ವಸ್ತುಸಂಗ್ರಹವೂ ಅತಿಥಿಗೃಹವೂ ಇವೆ. ಶಾಲೆಯಿಂದ ಮನೆಯು ಉಳಿಯಿತೇ, ಮನೆಯಿಂದ ಶಾಲೆಯು ಉಳಿಯಿತೇ ಎಂದು ನಾವಿಬ್ಬರೂ ಅಲ್ಲಿಯ ಅಂಗಳದಲ್ಲಿ ಚಹ ಕುಡಿಯುತ್ತ ಬಹಳ ಹೊತ್ತು ವಾದಿಸಿದೆವು. ಗುಮ್ಮಟವನ್ನು ಮುಚ್ಚಿದ ಆ ಮಾಡನ್ನು ಕುರಿತು ಜೊತೆಗಾರ್ತಿಯವರು, "ಅಸ್ತರು ಒಳಗಿರಬೇಕು, ಇವರು ಹೊರಗೆ ಹಾಕಿದ್ದಾರೆ" ಎಂದರು.

ನಮ್ಮ ಹಾಲಿನ ವಿಷಯವು ಬರುವ ಆಡಳಿತ ಮಂಡಲಿಯ ಸಭೆಗೆ ಬರುವುದು. ಹೊಸ ತರಗತಿಗಳು ಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಅವನ್ನು ಆಟದ ಬಯಲಿನ ಪಶ್ಚಿಮದ ಅಂಚಿನಲ್ಲಿ ಕಟ್ಟಿ, ಹಾಲಿನ ಹುಳುಹಿಡಿದ ಜಂತೆಗಳನ್ನು ಮಾತ್ರ ಬದಲಾಯಿಸುವುದಾದರೆ ಏನು ತಗಲುವುದೆಂಬ ಲೆಕ್ಕವನ್ನು ಬಡಗಿಯಿಂದಲೂ ಗಾರೆಯವನಿಂದಲೂ ಬರೆಯಿಸಿಕೊಂಡಿದ್ದೇವೆ. ಅದನ್ನು ಎರಡನೆಯ ಲೆಕ್ಕದ ಜೊತೆಯಲ್ಲಿಯೇ ಸಭೆಯ ಮುಂದೆ ಇಡುವೆವು. ಪೂರ್ವ ವಿದ್ಯಾರ್ಥಿನಿಯರ ಬಳಿ ಹಾಲಿನ ಹಳೆಯ ಛಾಯಾಚಿತ್ರಗಳೇನಾದರೂ ಇದ್ದರೆ, ನೋಡಿ ಹಿಂದಿರುಗಿಸುವ ಷರತ್ತಿನ ಮೇಲೆ, ಕಚೇರಿಗೆ ಕಳುಹಿಸಬೇಕೆಂದು ಕೋರುತ್ತೇವೆ. ಮುಖ್ಯವಾಗಿ, ಪೂರ್ವದ ಗೋಡೆಯಲ್ಲಿ ಗಾರೆಯಿಂದ ಮುಚ್ಚಿರುವ ಬಾಗಿಲೊಂದಿದೆ; ಅದು ಎಲ್ಲಿಗೆ ತೆರೆಯುತ್ತಿತ್ತು, ಯಾವಾಗ ಮುಚ್ಚಿದರು ಎಂಬುದನ್ನು ಬಲ್ಲವರು ಬರೆದು ತಿಳಿಸಬೇಕು. ಹೊಲಿಗೆಯ ಉಪಾಧ್ಯಾಯಿನಿಯವರನ್ನು ಕೇಳಿದೆವು. ತಾವು ಸೇರುವ ಹೊತ್ತಿಗೇ ಅದು ಮುಚ್ಚಿತ್ತು ಎನ್ನುತ್ತಾರೆ.